ವಿನುತಾ ಜೋಡಿಸಿದ ಕೊಂಡಿಗಳು

ವಿನುತಾ ಕಾರವಾರ ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಟೈಪಿಂಗ್ ಕೆಲಸ ಮಾಡುತ್ತಿದ್ದಳು. ತವರು ಅಂಕೋಲೆಯ ಕೇಣಿ. ಅಲ್ಲಿ ತಾಯಿ ಗೋದಾವರಿಬಾಯಿ ಬಂಗಡೆ, ಸಿಗಡಿ ಒಣಗಿಸಿ ಮಾರುತ್ತ ಬಂದವಳು. ತಾಯಿಯ ಮೀನು ದೂರದ ಊರಿಗೂ ಹೋಗಲಿ ಎಂದು ವಿನುತಾ ತಾನೇ ಕಲಿತು ಒಂದು ವೆಬ್‌ಸೈಟು ಕಟ್ಟಿದಳು. ಸಿಗುತ್ತದೆಯೋ ನೋಡೋಣ ಎಂದು ಮೊಬೈಲಿನಲ್ಲಿ ‘ಕಾರವಾರ ಒಣಮೀನು’ ಎಂದು ಹುಡುಕಿದರೆ ತನ್ನದು ಎಲ್ಲೂ ಇರಲಿಲ್ಲ. ಎಲ್ಲಕ್ಕಿಂತ ಮೇಲೆ ಬಂದದ್ದು ಪರವೂರಿನ ಒಂದು ಅಂಗಡಿ. ಅದನ್ನು ತೆರೆದರೆ ಆಯಿಯ, ತನ್ನ ತಾಯಿಯದೇ, ಫೋಟೋ!

ಹಸಿರು ಸೀರೆ ಉಟ್ಟು, ಬಗ್ಗಿ ಬಂಗಡೆ ಹರವುತ್ತಿದ್ದಾಳೆ. ಕೆಳಗೆ ‘ನಮ್ಮ ಗೋದಾವರಿಬಾಯಿ ಒಣಗಿಸಿದ ಮೀನು’ ಎಂದು ಬರೆದಿದೆ.

“ಹೌದು, ಯಾರೋ ದಂಡೆಗೆ ಬಂದವ್ರು ಹೆಸರು ಕೇಳಿ ಫೋಟೋ ತೆಕ್ಕಂಡು ಹೋಗಿದ್ರು,” ಎಂದಳು ಗೋದಾವರಿಬಾಯಿ. “ಆದ್ರೆ ನಾ ಅವ್ರಿಗೆ ಒಂದು ಬಂಗಡೆನೂ ಕೊಟ್ಟವಳಲ್ಲ ಮಗಾ. ಯಾರದ್ದೋ ಮೀನಿಗೆ ನನ್ನ ಹೆಸರಾ?”

ವಿನುತಾ ಆ ಅಂಗಡಿಗೆ ಮೇಲ್ ಬರೆದಳು, ಫೋನು ಮಾಡಿದಳು. ಉತ್ತರವಿಲ್ಲ.

“ಅವ್ರನ್ನ ಇಳಿಸೂಕೆ ನಮ್ಮಿಂದ ಆಗ್ಲಿಕ್ಕಿಲ್ಲ ಆಯಿ. ನಾವೇ ಅವ್ರಿಗಿಂತ ಮೇಲೆ ಹೋಗ್ವಾ,” ಎಂದಳು.

ಹೇಗೆ ಎಂದು ಓದತೊಡಗಿದಳು. ಬೇರೆಯವರ ಪುಟಗಳಿಂದ ನಮ್ಮ ಪುಟಕ್ಕೆ ಕೊಂಡಿ, ಅಂದರೆ ಲಿಂಕ್, ಇದ್ದರೆ, ಹುಡುಕುವ ಯಂತ್ರ ಅದನ್ನು ಶಿಫಾರಸಿನಂತೆ ಎಣಿಸುತ್ತದೆ ಎಂದು ತಿಳಿಯಿತು. ಅಷ್ಟರಲ್ಲೇ ಯಾರೋ ಒಬ್ಬ ಫೋನು ಮಾಡಿ, ನೂರಾರು ಕಡೆಯಿಂದ ಕೊಂಡಿ ಹಾಕಿಸಿಕೊಡುತ್ತೇನೆ, ಮೇಡಂ ಏನೂ ಮಾಡಬೇಕಾಗಿಲ್ಲ ಎಂದ. ವಿನುತಾ ಒಪ್ಪಿಬಿಟ್ಟಳು.

ಕೆಲವು ವಾರಗಳಲ್ಲಿ ಸೈಟು ಮೇಲೇರುವುದಿರಲಿ, ಅದರ ಹೆಸರನ್ನೇ ಹೊಡೆದು ಹುಡುಕಿದರೂ ಸಿಗದಂತಾಯಿತು. ಆ ಕೊಂಡಿಗಳು ಎಲ್ಲೆಲ್ಲಿವೆ ಎಂದು ನೋಡಿದಳು. ಜೂಜಿನ ಪುಟಗಳು, ತೂಕ ಇಳಿಸುವ ಮಾತ್ರೆಯ ಪುಟಗಳು. ಎಲ್ಲದರ ತಳದಲ್ಲೂ ಗಿಳಿಪಾಠದ ಹಾಗೆ ‘ಕಾರವಾರ ಒಣಮೀನು’, ‘ಕಾರವಾರ ಒಣಮೀನು’. ಇದು ಮೋಸದ ಶಿಫಾರಸು ಎಂದು ಯಂತ್ರಕ್ಕೆ ಗೊತ್ತಾಗಿತ್ತು. ಅವಳಿಗೆ ಅಳು ಬಂತು. ಕೈಕಟ್ಟಿ ಮಾತ್ರ ಕೂರಲಿಲ್ಲ. ಮಳೆಗಾಲದಲ್ಲಿ ದೋಣಿಗಳು ದಡ ಸೇರಿ, ಮೀನು ಒಣಗಿಸುವ ಕೆಲಸ ನಿಂತಿತ್ತು. ಆ ದಿನಗಳಲ್ಲಿ ಕೂತು ಒಂದೊಂದು ಪುಟದವರಿಗೂ ಕೊಂಡಿ ತೆಗೆಯಿರಿ ಎಂದು ಬರೆದಳು. ತೆಗೆಯದವರ ಹೆಸರುಗಳನ್ನು ಹುಡುಕುವ ಯಂತ್ರದ ಕಂಪನಿಗೇ ಕಳಿಸಿ, ಇವನ್ನು ನನ್ನ ಲೆಕ್ಕಕ್ಕೆ ಹಿಡಿಯಬೇಡಿ ಎಂದು ತಿಳಿಸಿದಳು.

ಆಮೇಲೆ ಆ ಪರವೂರಿನ ಅಂಗಡಿಗೆ ಬಲ ಎಲ್ಲಿಂದ ಬಂತು ಎಂದು ಹುಡುಕಿದಳು. ಸಿಕ್ಕಿದ್ದು ಕಾರವಾರದ ಪಕ್ಕದ ಕದ್ವಾಡದ ದೀಕ್ಷಾ ಎಂಬವಳ ಅಡುಗೆ ಪುಟ. ಕರಾವಳಿಯ ಅಡುಗೆಯೆಂದರೆ ಸಾವಿರಾರು ಮಂದಿ ಅದನ್ನೇ ತೆರೆಯುತ್ತಿದ್ದರು. ಸಿಗಡಿ ಚಟ್ನಿಯ ಲೇಖನದ ನಡುವೆ ನೀಲಿ ಅಕ್ಷರದಲ್ಲಿ ‘ಗೋದಾವರಿಬಾಯಿಯ ಒಣಸಿಗಡಿ’ ಎಂದಿತ್ತು. ಒತ್ತಿದರೆ ತೆರೆಯುವುದು ಆ ಅಂಗಡಿ! ಕೊಂಡಿಯ ಮೇಲಿನ ಶಬ್ದಗಳನ್ನು ಓದಿಯೇ ಯಂತ್ರ ಆಚೆಯ ಪುಟದಲ್ಲಿ ಏನಿದೆ ಎಂದು ತಿಳಿಯುವುದು. ಹಾಗಾಗಿ ಆಯಿಯ ಹೆಸರೇ ಬೇರೆಯವರನ್ನು ಮೇಲೆತ್ತುತ್ತಿತ್ತು.

ವಿನುತಾ ತಾಯಿಯನ್ನು ಕರೆದುಕೊಂಡು ಕದ್ವಾಡದ ಬಸ್ಸು ಹತ್ತಿದಳು.

ದೀಕ್ಷಾ ಬಾಗಿಲು ತೆರೆದವಳೇ ಫೋಟೋದಲ್ಲಿ ಕಂಡಿದ್ದ ಗೋದಾವರಿಬಾಯಿಯನ್ನು ಗುರುತು ಹಿಡಿದಳು. ವಿಷಯ ಕೇಳಿದಾಗ ಅವಳ ಮುಖ ಬಿಗಿಯಿತು.

“ನೀವು ಅವರಿಗೇ ಮೀನು ಕೊಡೂದು ಅಂತ ಅಂಗಡಿಯವರು ಹೇಳಿದ್ರಲ್ಲ. ಒಂದು ಕಡೆ ಮಾತು ಕೇಳಿ ನಾನು ಹ್ಯಾಗೆ ಬದಲು ಮಾಡ್ಲಿ ಅಕ್ಕಾ?” ಎಂದು ವಿನುತಾಳ ಕಡೆ ನೋಡಿದಳು.

ವಿನುತಾ ಬಾಯಿ ತೆರೆಯುವ ಮೊದಲೇ ತಾಯಿ ಹೇಳಿದಳು: “ಖರೆ ಬಾಯೀ. ಅವ್ರ ಮಾತು ನಂಬಿದ ಹಾಗೇ ನಮ್ಮ ಮಾತೂ ನಂಬ್ಬೇಡ. ಮಳೆ ಮುಗ್ದ ಮೇಲೆ ಕೇಣಿಗೆ ಬಾ. ದಂಡೆ ಮೇಲೆ ಯಾರನ್ನಾದ್ರೂ ಕೇಳು. ನಾ ಯಾರಿಗೆ ಮೀನು ಕೊಡ್ತೆ, ಯಾರಿಗೆ ಕೊಡೂದಿಲ್ಲ, ಅವ್ರೇ ಹೇಳ್ತಾರೆ.”

ಮಳೆಗಾಲ ಮುಗಿದ ಮೇಲೆ ದೀಕ್ಷಾ ನಿಜವಾಗಿಯೂ ಬಂದಳು. ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ದಂಡೆಯ ಮೇಲೆ ತಿರುಗಿದಳು. ಮೀನಿಗೆ ಉಪ್ಪು ಹಚ್ಚುತ್ತಿದ್ದ ಹೆಂಗಸರನ್ನು ಮಾತಾಡಿಸಿದಳು; ಗೋದಾವರಿಬಾಯಿ ಆ ಅಂಗಡಿಗೆ ಮೀನು ಕೊಟ್ಟದ್ದನ್ನು ಅವರಲ್ಲಿ ಯಾರೂ ಕಂಡಿರಲಿಲ್ಲ. ಮರಳು ತಾಗದ ಹಾಗೆ ಬಲೆ ಹಾಸಿ ಸಿಗಡಿ ಹರವುವುದನ್ನು ನೋಡಿದಳು. ಹೊರಡುವಾಗ ವಿನುತಾಳ ಕೈ ಹಿಡಿದು, “ತಪ್ಪಾಯ್ತು ಅಕ್ಕಾ, ನಾನು ವಿಚಾರಿಸದೇ ಬರೆದಿದ್ದೆ. ಇವತ್ತೇ ತಿದ್ತೇನೆ. ಕೊಂಡಿಗೆ ಯಾವ ಶಬ್ದ ಹಾಕ್ಲಿ?” ಎಂದು ಕೇಳಿದಳು.

ಎಲ್ಲ ಕಡೆ ಒಂದೇ ಶಬ್ದದ ಕೊಂಡಿ ಹಾಕಿಸಿ ಒಮ್ಮೆ ಪೆಟ್ಟು ತಿಂದಿದ್ದ ವಿನುತಾ ಯೋಚಿಸಿ ಹೇಳಿದಳು: “ನೀವು ಕಂಡ ಹಾಗೆ ಬರೀರಿ. ‘ಇಲ್ಲಿ ಒತ್ತಿ’ ಅಂತ ಮಾತ್ರ ಬೇಡ. ಅದ್ರಿಂದ ಯಾರಿಗೂ ಎಂತಾ ತಿಳಿಯೂದಿಲ್ಲ.”

‘ಕೇಣಿಯಲ್ಲಿ ಬಲೆಯ ಮೇಲೆ ಒಣಗಿದ ಸಿಗಡಿ’ ಎಂದು ದೀಕ್ಷಾ ಬರೆದಳು. ಅದನ್ನು ಒತ್ತಿದರೆ ಈಗ ವಿನುತಾಳ ಪುಟ ತೆರೆಯುತ್ತಿತ್ತು.

ವಿನುತಾ ಅಲ್ಲಿಗೇ ನಿಲ್ಲಲಿಲ್ಲ. ತಮ್ಮ ಮೀನನ್ನು ನಿಜವಾಗಿ ತಿಂದವರನ್ನು, ಬಲ್ಲವರನ್ನು ಮಾತ್ರ ಕೇಳುತ್ತ ಹೋದಳು. ರಾಮನಗುಳಿಯಲ್ಲಿ ಹೋಮ್‌ಸ್ಟೇ ನಡೆಸುವ ತುಳಸಿದಾಸ, “ನಮ್ಮಲ್ಲಿ ಬಂದವ್ರು ಈ ಮೀನು ಎಲ್ಲಿದು ಅಂತ ಕೇಳ್ತೇ ಇರ್ತಾರೆ. ಹಾಕ್ವಾ,” ಎಂದು ತನ್ನ ಪುಟದಲ್ಲಿ ಕೊಂಡಿ ಕೊಟ್ಟ. ಕೆಲವರು ನೋಡೋಣ ಎಂದು ಸುಮ್ಮನಾದರು. ಕೇಳುವುದಕ್ಕಿಂತ, ಜನ ತಾವಾಗಿಯೇ ಕೊಂಡಿ ಹಾಕುವಂಥದ್ದು ತನ್ನಲ್ಲಿರಬೇಕು ಎಂದು ಅವಳಿಗೆ ಅನ್ನಿಸಿತು. ಒಣಮೀನಿನ ಉಪ್ಪು ಬಿಡಿಸುವುದು, ಹುಳ ಬೀಳದಂತೆ ಇಡುವುದು, ಯಾವ ಮೀನಿಗೆ ಎಂಥ ಸಾರು, ಇದನ್ನೆಲ್ಲ ತಾಯಿಯನ್ನು ಕೇಳಿ ಕೇಳಿ ಬರೆದು ಹಾಕಿದಳು. ಅಡುಗೆಯ ಬಗ್ಗೆ ಬರೆಯುವ ಗುರುತಿಲ್ಲದವರೂ ಅದಕ್ಕೆ ಕೊಂಡಿ ಹಾಕತೊಡಗಿದರು, ಒಬ್ಬೊಬ್ಬರು ಒಂದೊಂದು ಮಾತಿನಲ್ಲಿ.

ಮರುವರ್ಷದ ಬೇಸಿಗೆಗೆ ‘ಕಾರವಾರ ಒಣಮೀನು’ ಎಂದು ಹುಡುಕಿದರೆ ಮೊದಲು ಬರುವುದು ಅವಳ ಪುಟವೇ ಆಯಿತು. ಪರವೂರಿನ ಅಂಗಡಿ ಕೆಳಗಿಳಿಯಿತು. ಆಗ ಅಲ್ಲಿಂದ ಫೋನು ಬಂತು, ವ್ಯವಸ್ಥಾಪಕನದು.

“ಮೇಡಂ, ನೀವು ನಮಗೊಂದು ಕೊಂಡಿ ಕೊಡಿ, ನಾವು ನಿಮಗೊಂದು ಕೊಡ್ತೇವೆ. ಇಬ್ಬರಿಗೂ ಒಳ್ಳೇದು.”

“ಮೊದ್ಲು ನಿಮ್ಮ ಪುಟದಿಂದ ನಮ್ಮ ಆಯಿಯ ಫೋಟೋ, ಹೆಸರು ತೆಗ್ದು ಹಾಕಿ,” ಎಂದಳು ವಿನುತಾ.

ಅದೇ ಸಂಜೆ ಫೋಟೋ, ಹೆಸರು ಎರಡೂ ಹೋದವು. ಮಾರನೆಯ ದಿನ ಅವನು ಮತ್ತೆ ಫೋನು ಮಾಡಿ, “ಈಗ ಕೊಂಡಿ?” ಎಂದ.

“ನಿಮ್ಮ ಮೀನು ಯಾರು ಒಣಗಿಸ್ತಾರೆ ಹೇಳಿ. ನಾ ಬಂದು ನೋಡ್ತೆ. ಆಮೇಲೆ ವಿಚಾರ ಮಾಡ್ವಾ.”

ಅವನು ಫೋನು ಇಟ್ಟ. ವಿನುತಾ ಮತ್ತೆ ಲ್ಯಾಪ್‌ಟಾಪಿಗೆ ಕೂತಳು. ಹಟ್ಟಿಕೇರಿಯ ಹೆಂಗಸೊಬ್ಬಳು ತಾನೂ ಉಪ್ಪಿನಕಾಯಿಗೆ ಒಂದು ಸೈಟು ಮಾಡಬೇಕೆಂದು ಬಂದು, ಪಕ್ಕದ ಕುರ್ಚಿಯಲ್ಲಿ ಕಾಯುತ್ತಿದ್ದಳು.