ವ್ಯಾನಿನೊಳಗಿನ ಮಗ್ಗದ ಗುಂಡಿ

ಇವತ್ತು ಬೆಳಿಗ್ಗೆ ಮಾರ್ಕೆಟ್ಟಿನ ಮುಂದಿನ ಸ್ಪೀಡ್ ಬ್ರೇಕರ್ ಮೇಲೆ ನಮ್ಮ ವ್ಯಾನಿನ ಹೊಟ್ಟೆ ಮತ್ತೆ ಉಜ್ಜಿತು. ಟರ್ರೆಂದು ಹಲ್ಲು ಜುಮ್ಮೆನ್ನುವ ಶಬ್ದ. ಹೂ ಕಟ್ಟುತ್ತಿದ್ದವಳು ಕೈ ನಿಲ್ಲಿಸಿ ನನ್ನನ್ನು ನೋಡಿದಳು. ನಾನು ಏನೂ ಆಗದವಳಂತೆ ಮುಖ ಮಾಡಿಕೊಂಡು ಮುಂದೆ ಹೋದೆ. ಆ ಮುಖ ನನಗೆ ಈಗ ಚೆನ್ನಾಗಿ ಅಭ್ಯಾಸವಾಗಿದೆ.

ಉಜ್ಜುವುದು ವ್ಯಾನಿನ ತಳದಲ್ಲಿರುವ ಒಂದು ತಗಡಿನ ಡಬ್ಬಿ. ಅದರ ವಿಷಯ ಹೇಳಬೇಕಾದರೆ ಮೊದಲು ವ್ಯಾನಿನ ವಿಷಯ ಹೇಳಬೇಕು, ವ್ಯಾನಿನ ವಿಷಯ ಹೇಳಬೇಕಾದರೆ ನಮ್ಮಮ್ಮನ ವಾಂತಿಯ ವಿಷಯ ಹೇಳಬೇಕು. ನೀವು ಊಟಕ್ಕೆ ಕೂತಿದ್ದರೆ ಮುಗಿಸಿಕೊಂಡು ಬನ್ನಿ.

ಅಮ್ಮನಿಗೆ ಬಸ್ಸು ಆಗದು. ಆಗದು ಎಂದರೆ, ಸೇಲಂ ಬಸ್ ಸ್ಟ್ಯಾಂಡಿನ ಹೊಗೆ ಮೂಗಿಗೆ ಬಡಿದರೇ ಸಾಕು. ನಿಂಬೆಹಣ್ಣು ಮೂಸಿಸಿದ್ದೇವೆ, ಹುಣಸೆಹಣ್ಣು ಬಾಯಿಗಿಟ್ಟಿದ್ದೇವೆ, ಯಾರೋ ಹೇಳಿದರೆಂದು ಪೇಪರ್ ಹಾಸಿ ಅದರ ಮೇಲೆ ಕೂರಿಸಿದ್ದೇವೆ. ಏನು ಮಾಡಿದರೂ ಅಷ್ಟೇ. ಹೀಗಾಗಿ ಅಮ್ಮ ನಮ್ಮ ನೇಕಾರರ ಬೀದಿಯಲ್ಲೇ ಉಳಿದಳು. ಎಡಗಾಲು ಕೊಂಚ ಎಳೆದು ನಡೆಯುತ್ತಾ ಹತ್ತಿರದ ದೇವಸ್ಥಾನಕ್ಕೆ, ಅಂಗಡಿಗೆ ಹೋಗುವಳು, ಅದರಾಚೆ ಇಲ್ಲ. ಅಮ್ಮನ ಒಬ್ಬಳೇ ಅಕ್ಕ, ನನ್ನ ದೊಡ್ಡಮ್ಮ, ಪೆನ್ನಾಗರಂನಲ್ಲಿ. ನಡುವೆ ತೊಪ್ಪೂರು ಘಾಟಿ, ತಿರುವಿನ ಮೇಲೆ ತಿರುವು. ಆದ್ದರಿಂದ ವರ್ಷಕ್ಕೊಮ್ಮೆ ದೊಡ್ಡಮ್ಮನೇ ರಾಗಿ, ಅವರೆಕಾಯಿ ಕಟ್ಟಿಕೊಂಡು ಬಸ್ಸು ಹತ್ತಿ ಬರುತ್ತಿದ್ದಳು. ಅಕ್ಕತಂಗಿಯರು ಜಗಲಿಯಲ್ಲಿ ಕೂತು ಅವರೆ ಸುಲಿಯುತ್ತಾ ಬೀದಿಯವರನ್ನೆಲ್ಲ ಒಬ್ಬೊಬ್ಬರನ್ನಾಗಿ ಆಡಿಕೊಳ್ಳುತ್ತಿದ್ದರು. ಒಂದು ವರ್ಷ ದೊಡ್ಡಮ್ಮ ಬಚ್ಚಲಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡಳು. ಇನ್ನು ಅವಳು ಬರುವಂತಿರಲಿಲ್ಲ. ಅಮ್ಮ ಹೋಗುವಂತಿರಲಿಲ್ಲ. ಫೋನಿನಲ್ಲಿ ಮುಖ ತೋರಿಸಿದರೆ ಅಮ್ಮ ಸೆರಗಿನಿಂದ ಫೋನು ಒರೆಸಿ, "ಇದ್ರಾಗೆ ಯಾನೂ ಕಾಣಲ್ಲ, ತಕ್ಕಾ," ಎಂದು ವಾಪಸ್ಸು ಕೊಡುತ್ತಿದ್ದಳು.

ಆಗ ಅಪ್ಪ ಒಂದು ಹಳೆಯ ಸ್ಕೂಲ್ ವ್ಯಾನು ತಂದು ಮನೆ ಮುಂದೆ ನಿಲ್ಲಿಸಿದ. ಮಗ್ಗ ಬಿಟ್ಟು ಮನೆಯಲ್ಲಿ ಕೂತಿದ್ದ ಕಾಲ ಅದು. ಕೈಗೆ ಕೆಲಸ ಬೇಕಾಗಿತ್ತು. ಸೀಟುಗಳನ್ನೆಲ್ಲ ಕಿತ್ತ. ಹಿಂದೆ ಮಲಗಲು ಹಾಸಿಗೆ, ಪಕ್ಕಕ್ಕೆ ಗ್ಯಾಸಿನ ಒಲೆ, ನೀರಿನ ಕ್ಯಾನು, ಅದಕ್ಕೊಂದು ನಲ್ಲಿ, ಫ್ಯಾನು, ಕಿಟಕಿಗೆ ಮಿಕ್ಕಿದ ಸೀರೆ ತುಂಡಿನ ಪರದೆ. ಅಪ್ಪ ಮಾತು ಕಡಿಮೆಯವನು. ಕೇಳಿದರೆ, "ಮಲೀಕಂಡು ಓಯ್ತಿದ್ರೆ ವಾಂತಿ ಬರಲ್ಲ," ಎಂದ, ಅಷ್ಟೇ.

ಇಷ್ಟರವರೆಗೆ ಎಲ್ಲ ಸರಿ. ಆಮೇಲೆ ಅವನು ಡ್ರೈವರ್ ಸೀಟಿನ ಹಿಂದೆ ನೆಲವನ್ನು ಚೌಕವಾಗಿ ಕೊಯ್ಯಿಸಿ, ಕೆಳಗೆ ತಗಡಿನ ಡಬ್ಬಿ ವೆಲ್ಡ್ ಮಾಡಿಸಿ, ಅಂಚಿಗೆ ಕೂರಲು ಹಲಗೆಯನ್ನೂ ಬೆಲ್ಟನ್ನೂ ಜೋಡಿಸಿದ. ನಾನು ಬಗ್ಗಿ ನೋಡಿದೆ. ಡಬ್ಬಿಯ ತಳದಲ್ಲಿ ಕಾಲಿಡಲು ಎರಡು ಮರದ ಹಲಗೆ, ಅದರಲ್ಲೂ ಒಂದು ಸೊಟ್ಟಗೆ.

"ಏನಪ್ಪಾ ಇದು?"

"ಕಾಲ್ ಇಕ್ಕಾಕೆ."

ನಿಮಗೆ ಕೈಮಗ್ಗ ಗೊತ್ತಿಲ್ಲದಿದ್ದರೆ ಇದು ತಿಳಿಯದು. ನಮ್ಮ ಕಡೆ ನೇಯುವವರು ನೆಲದ ಮಟ್ಟಕ್ಕೆ ಕೂತು ಕಾಲನ್ನು ಗುಂಡಿಯೊಳಗೆ ಇಳಿಬಿಡುತ್ತಾರೆ. ಗುಂಡಿಯಲ್ಲಿ ತುಳಿಯಲು ಎರಡು ಹಲಗೆ. ಎಡ ಬಲ ತುಳಿದಂತೆ ಹಾಸಿನ, ಅಂದರೆ ಮಗ್ಗಕ್ಕೆ ಉದ್ದುದ್ದ ಬಿಗಿದ ನೂಲಿನ, ಎಳೆಗಳು ಮೇಲೆ ಕೆಳಗೆ ಆಗುತ್ತವೆ. ಮನೆಗೆ ಸೊಸೆ ಬಂದರೆ ಅವಳ ಕಾಲಿನ ಅಳತೆಗೆ ಗುಂಡಿ ಸರಿ ಮಾಡಿಸುತ್ತಾರೆ. ಉದ್ದ ಕಾಲಿನವಳಾದರೆ ಇನ್ನಷ್ಟು ತೋಡುವುದು, ಗಿಡ್ಡ ಕಾಲಿನವಳಾದರೆ ಮಣ್ಣು ತುಂಬಿ ಮೆತ್ತುವುದು. ಆಮೇಲೆ ಅವಳು ಎಲ್ಲೂ ಹೋಗುವಂತಿಲ್ಲ ಎಂದು ಅಜ್ಜಿ ನಗುತ್ತಿದ್ದಳು. ನಮ್ಮ ಮನೆಯಲ್ಲಿ ಅಪ್ಪನದೊಂದು, ಅಮ್ಮನದೊಂದು ಗುಂಡಿ ಇತ್ತು. ಮಗ್ಗ ಬಿಚ್ಚಿದ ಮೇಲೆ ಎರಡನ್ನೂ ಮುಚ್ಚಿ ಟೈಲ್ಸ್ ಹಾಕಿಸಿದೆವು.

ಲೋಕದಲ್ಲಿ ಯಾರಾದರೂ ವ್ಯಾನಿಗೆ ಗುಂಡಿ ತೋಡುತ್ತಾರೆಯೇ? ನೇಕಾರ ಮಾತ್ರ ತೋಡುತ್ತಾನೆ. ಬೀದಿಯವರೆಲ್ಲ ಬಂದು ನೋಡಿ ನಕ್ಕರು. ಅಪ್ಪ ಎತ್ತರದ ಆಳು. ವ್ಯಾನು ನಿಂತಿದ್ದಾಗ ಆ ಗುಂಡಿಯಲ್ಲಿ ಕೂತು ಟೀ ಕುಡಿಯುತ್ತಿದ್ದ; ಮಂಡಿ ಗಲ್ಲಕ್ಕೆ ಬರುತ್ತಿತ್ತು. ತನಗೆಂದು ಮಾಡಿಕೊಂಡು ಅಳತೆ ತಪ್ಪಿದ್ದಾನೆ, ವಯಸ್ಸಾಯಿತು ಎಂದುಕೊಂಡೆವು. ಅಮ್ಮನನ್ನು ಒಂದು ಸಲ ಕರೆದ, ಬಂದು ಕೂತು ನೋಡು ಎಂದು. ಅಮ್ಮ ಒಳಗಿನಿಂದಲೇ, "ಮಗ್ಗದಾಗೆ ಕುಂತು ಕುಂತು ಸಾಕಾಗೈತೆ. ಗಾಡೀಲೂ ಕುಂತ್ಕಬೇಕಾ?" ಎಂದಳು. ಅವನು ಮತ್ತೆ ಕರೆಯಲಿಲ್ಲ.

ಪೆನ್ನಾಗರಂಗೆ ಹೊರಟದ್ದೂ ಆಯಿತು. ಅಮ್ಮ ಹಿಂದೆ ಹಾಸಿಗೆಯ ಮೇಲೆ ಮಲಗಿದಳು. ಓಮಲೂರು ಬರುವುದಕ್ಕೆ ಮುಂಚೆಯೇ ಹಾಸಿಗೆ, ಪರದೆ, ಅಪ್ಪನ ಪಂಚೆ ಎಲ್ಲ ಹಾಳಾಗಿ ವಾಪಸ್ಸು ಬಂದೆವು. ಈ ಗಾಡಿಗೆ ಇನ್ನು ಕಾಲಿಡುವುದಿಲ್ಲ ಎಂದು ಅಮ್ಮ ಹೇಳಿಬಿಟ್ಟಳು.

ಹಾಗೆ ವ್ಯಾನು ನನ್ನ ಪಾಲಿಗೆ ಬಂತು. ನನ್ನ ಶಾಲೆ ಎಡಪ್ಪಾಡಿ ರಸ್ತೆಯಲ್ಲಿ. ನಮ್ಮ ಮನೆಯವರು ಬೈಕು ತೆಗೆದುಕೊಂಡು ಹೋಗುತ್ತಾರೆ. ಸುಮ್ಮನೆ ನಿಂತು ತುಕ್ಕು ಹಿಡಿಯುವ ಬದಲು ನಾನೇ ಓಡಿಸುತ್ತೇನೆಂದೆ. ಮೊದಲ ದಿನ ಹೆಡ್‌ಮಾಸ್ಟರು ಗೇಟಿನಲ್ಲೇ ನಿಂತು, "ಎನ್ನ ಟೀಚರ್, ವೀಟ್ಟೆಯೇ ಕೊಂಡು ವಂದುಟ್ಟೀಂಗಳಾ?" ಎಂದರು. ಮನೆಯನ್ನೇ ತಂದುಬಿಟ್ಟಿರಾ ಎಂದು. ನಕ್ಕವರೇ ಒಂದು ತಿಂಗಳಲ್ಲಿ ಮಧ್ಯಾಹ್ನ ತಲೆನೋವು ಬಂದರೆ ವ್ಯಾನಿನ ಕೀ ಕೇಳತೊಡಗಿದರು. ಊಟ ಬಿಸಿ ಮಾಡಿಕೊಳ್ಳುವುದು ಅಲ್ಲೇ, ಪೇಪರ್ ತಿದ್ದುವುದು ಅಲ್ಲೇ. ಹಾಸಿಗೆಯ ಮೇಲೆ ಬೀದಿಯವರ ನೂಲಿನ ಮೂಟೆ, ಸೀರೆ ಗಂಟು, ಮದುವೆ ಪಾತ್ರೆ ಎಲ್ಲ ಪ್ರಯಾಣ ಮಾಡಿವೆ. ನಲ್ಲಿಯ ಕೆಳಗಿನ ಬೋಗುಣಿಯಲ್ಲಿ ಕೊತ್ತಂಬರಿ ಸೊಪ್ಪು ಸಂಜೆಯವರೆಗೂ ಬಾಡುವುದಿಲ್ಲ. ಗುಂಡಿಯಲ್ಲಿ ನಾನು ಈರುಳ್ಳಿ ಇಡುತ್ತಿದ್ದೆ. ಕಷ್ಟವೂ ಇದೆ. ಇನ್ನೂ ಮಗ್ಗ ಬಿಡದ ಒಂದೆರಡು ಮನೆಯವರು ಬೆಳಕು ಹರಿಯುವ ಮೊದಲೇ ಬೀದಿಯುದ್ದಕ್ಕೂ ಹಾಸಿನ ನೂಲು ಎಳೆದು ಕಟ್ಟಿ, ಗಟ್ಟಿಯಾಗಲೆಂದು ಗಂಜಿ ಹಾಕುತ್ತಾರೆ. ಆಗ ಎದ್ದು ಹೋಗಿ ಈ ಆನೆಯನ್ನು ಬೀದಿಯ ತುದಿಗೆ ಸರಿಸಬೇಕು. ಪಾರ್ಕಿಂಗ್ ಎಂದರೆ ಇವತ್ತಿಗೂ ನನಗೆ ಎದೆ ಹೊಡೆದುಕೊಳ್ಳುತ್ತದೆ.

ಅಪ್ಪ ಹೋದದ್ದು ಬೇಗ. ಜ್ವರ ಬಂತು, ಆಸ್ಪತ್ರೆಗೆ ಸೇರಿಸಿದೆವು, ವಾರ ತುಂಬಲಿಲ್ಲ. ದೊಡ್ಡಮ್ಮನಿಗೆ ಅದಕ್ಕೂ ಬರಲಾಗಲಿಲ್ಲ. ಕೆಲವು ತಿಂಗಳ ನಂತರ ಅವಳ ಫೋನು ಬಂತು. ಸ್ಪೀಕರ್ ಹಾಕಿ ಅಮ್ಮನ ಮುಂದೆ ಹಿಡಿದೆ. "ಲೇ, ನಾನೂ ಓಗೋ ಮುಂಚೆ ಒಂದ್ಸಲ ಬಂದು ಮಕ ತೋರ್ಸು," ಎಂದಳು. ಅಮ್ಮ ಮರುದಿನ ತಾನೇ ಬಂದು, "ಗಾಡಿ ತೆಗಿ. ಬಕೆಟ್ಟೂ ಇಕ್ಕಂಡು ಬಾ," ಎಂದಳು.

ಹಾಸಿಗೆಯನ್ನು ಕಂಡದ್ದೇ ಅವಳಿಗೆ ಹಳೆಯದೆಲ್ಲ ನೆನಪಾಯಿತು. ಅಲ್ಲಿ ಬೇಡ ಎಂದಳು. ಮುಂದಿನ ಸೀಟಿಗೆ ಹತ್ತಲು ಕಾಲು ಬರಲಿಲ್ಲ. ಉಳಿದದ್ದು ಗುಂಡಿ. ಈರುಳ್ಳಿ ತೆಗೆದು, ಗುಡಿಸಿ ಕೂರಿಸಿದೆ. ಬೆಲ್ಟು ಹಾಕಿ, ಬಕೆಟ್ಟು ಕೈಗೆ ಕೊಟ್ಟು ಹೊರಟೆ. ಬೀದಿ ದಾಟಿರಲಿಲ್ಲ, ಹಿಂದಿನಿಂದ "ನಿಲ್ಸು" ಎಂದಳು. ಆಯಿತು, ಶುರುವಾಯಿತು ಎಂದುಕೊಂಡು ನಿಲ್ಲಿಸಿ ತಿರುಗಿದೆ. ಬಕೆಟ್ಟು ಪಕ್ಕಕ್ಕಿತ್ತು. ಅಮ್ಮ ಬಗ್ಗಿ ತನ್ನ ಕಾಲುಗಳನ್ನೇ ನೋಡುತ್ತಿದ್ದಳು.

"ಇದು ನನ್ ಗುಂಡಿ," ಎಂದಳು.

ನನಗೆ ಅರ್ಥವಾಗಲಿಲ್ಲ.

"ನಿಮ್ಮಪ್ಪಂದಲ್ಲ ಕಣೇ. ನಂದು. ನನ್ ಎಡಗಾಲು ಗಿಡ್ಡ ಅಂತ ಮಗ್ಗದಾಗೆ ಎಡಗಡೆ ಅಲಗೆ ಎತ್ತಿಕ್ಕಿದ್ರಲ್ಲ, ಅಂಗೇ ಐತೆ ನೋಡು."

ಇಳಿದು ಹೋಗಿ ನೋಡಿದೆ. ನಾವು ಸೊಟ್ಟ ಎಂದು ನಕ್ಕಿದ್ದ ಆ ಹಲಗೆ ಒಂದು ಬೆರಳಿನಷ್ಟು ಮೇಲಿತ್ತು. ಅಮ್ಮನ ಎರಡು ಪಾದಗಳೂ ಅಲ್ಲಿ ಸಮವಾಗಿ ಊರಿದ್ದವು. ಮನೆಯ ಗುಂಡಿ ಟೈಲ್ಸ್ ಕೆಳಗೆ ಮುಚ್ಚಿಹೋಗಿ ವರ್ಷಗಳಾಗಿದ್ದವು. ಅಳೆಯಲು ಎಲ್ಲೂ ಏನೂ ಉಳಿದಿರಲಿಲ್ಲ. ಅಪ್ಪ ನೆನಪಿನಿಂದಲೇ ಮಾಡಿದ್ದ. ನಾನು ಅಲ್ಲೇ ಬಾಗಿಲು ಹಿಡಿದು ನಿಂತು ಅತ್ತೆ. ಅಮ್ಮ ಅಳಲಿಲ್ಲ. "ಓಗು, ಬಿಸ್ಲಾಯ್ತದೆ," ಎಂದಳು.

ಓಮಲೂರು ದಾಟಿತು. ತೊಪ್ಪೂರಿನಲ್ಲಿ ಲಾರಿಗಳ ಹಿಂದೆ ಎರಡನೇ ಗೇರಿನಲ್ಲಿ ಏರುತ್ತಾ ಕನ್ನಡಿಯಲ್ಲಿ ನೋಡಿದೆ. ಅಮ್ಮ ಎರಡು ಸೀಟುಗಳ ನಡುವಿನಿಂದ ಮುಂದಿನ ಗಾಜಿನಾಚೆ ರಸ್ತೆಯನ್ನೇ ದಿಟ್ಟಿಸುತ್ತಿದ್ದಳು, ಹಾಸಿನ ಮೇಲೆ ಕಣ್ಣಿಟ್ಟ ಹಾಗೆ. ತಿರುವು ಬಂದಾಗಲೆಲ್ಲ ಅವಳ ಮಂಡಿಗಳು ಒಂದಾದ ಮೇಲೊಂದು ಏಳುತ್ತಿದ್ದವು, ಇಳಿಯುತ್ತಿದ್ದವು. ಎಡಕ್ಕೆ ತಿರುಗಿದರೆ ಎಡಗಾಲು, ಬಲಕ್ಕೆ ತಿರುಗಿದರೆ ಬಲಗಾಲು. ತುಳಿಯುತ್ತಿರುವುದು ಅವಳಿಗೆ ಗೊತ್ತಿತ್ತೋ ಇಲ್ಲವೋ. ಬಕೆಟ್ಟು ಪೆನ್ನಾಗರಂವರೆಗೂ ಖಾಲಿಯೇ ಬಂತು.

ದೊಡ್ಡಮ್ಮ ಮಂಚದ ಮೇಲೆ ಒರಗಿ ಕೂತಿದ್ದಳು. ತಂಗಿಯ ಕೈ ಹಿಡಿದುಕೊಂಡು ಮೊದಲು ಕೇಳಿದ್ದು, "ವಾಂತಿ ಮಾಡ್ದ್ಯಾ?"

"ಇಲ್ಲಕ್ಕಾ."

"ಸುಳ್ ಏಳ್ಬ್ಯಾಡ. ಯಾರ್ ಕರ್ಕಂಡ್ ಬಂದಿದ್ದು? ಮಗ್ಳಾ?"

"ಗಾಡಿ ಓಡ್ಸಿದ್ದು ಮಗ್ಳು," ಎಂದಳು ಅಮ್ಮ. "ಕರ್ಕಂಡ್ ಬಂದಿದ್ದು ಅವ್ರು."

ಈಗ ತಿಂಗಳಿಗೊಂದು ಭಾನುವಾರ ಪೆನ್ನಾಗರಂ. ಬರುವಾಗ ಹಾಸಿಗೆಯ ಮೇಲೆ ಅವರೆಕಾಯಿ ಮೂಟೆ ಮಲಗಿರುತ್ತದೆ.

ಮಾರ್ಕೆಟ್ಟಿನಿಂದ ಇವತ್ತು ನೇರ ಮೆಕ್ಯಾನಿಕ್ ಹತ್ತಿರ ಹೋದೆ. ಅವನು ವ್ಯಾನಿನಡಿ ತೂರಿ ನೋಡಿ, ಡಬ್ಬಿ ಸವೆದಿದೆ, ಇದರಿಂದ ಏನು ಪ್ರಯೋಜನ, ಕತ್ತರಿಸಿ ನೆಲ ಮುಚ್ಚಿಬಿಡುತ್ತೇನೆ, ಸಂಜೆಯೊಳಗೆ ಆಗುತ್ತದೆ ಎಂದ. ಮನೆಯ ಗುಂಡಿಗಳಿಗೆ ಟೈಲ್ಸ್ ಹಾಕಿದ ಮೇಸ್ತ್ರಿಯೂ ಹೀಗೇ ಹೇಳಿದ್ದ.

ಡಬ್ಬಿ ಮುಟ್ಟಬೇಡಿ, ಅದರ ತಳಕ್ಕೆ ಇನ್ನೊಂದು ತಗಡು ಹಾಕಿ, ಗಾಡಿಯನ್ನೇ ಸ್ವಲ್ಪ ಮೇಲಕ್ಕೆ ಎತ್ತಿ ಕೊಡಿ ಎಂದೆ.