ರಾಹುಕಾಲ ಕಳೆಯಲಿ ಅಂತ ಕಾದ ಸೋಮವಾರ

ನನ್ನಪ್ಪ ಸ್ಯಾನ್ ಡಿಯಾಗೋದ ಟೊರ್ರಿ ಪೈನ್ಸ್‌ನಲ್ಲಿರುವ ಒಂದು ಲ್ಯಾಬಿನಲ್ಲಿ ವಿಜ್ಞಾನಿ. ಆಫೀಸಿನಲ್ಲಿ ಪುರಾವೆ ಇಲ್ಲದೆ ಒಂದು ಸಾಲೂ ಬರೆಯದ ಮನುಷ್ಯ, ಮನೆಯಲ್ಲಿ ಉಡುಪಿಯಿಂದ ತರಿಸಿದ ಪಂಚಾಂಗ ನೋಡದೆ ಹೊಸ ಚಪ್ಪಲಿಯನ್ನೂ ಮೆಟ್ಟುವುದಿಲ್ಲ. ಅದರಲ್ಲೂ ಶಿಸ್ತು ಬೇರೆ. ಸ್ಯಾನ್ ಡಿಯಾಗೋದಲ್ಲಿ ಸೂರ್ಯ ಹುಟ್ಟುವ ಹೊತ್ತು ಹಿಡಿದು ರಾಹುಕಾಲವನ್ನು ಇಲ್ಲಿಗೇ ಲೆಕ್ಕ ಹಾಕುತ್ತಿದ್ದರು. ಅಮ್ಮ, ನಾನು ಸೇರಿ ತಮಾಷೆ ಮಾಡುತ್ತಿದ್ದೆವು. ಈಗ ನೆನೆದರೆ ಮೈ ಉರಿಯುತ್ತದೆ.

ನಾನು ಹೈಸ್ಕೂಲಿನ ಕೊನೆಯ ವರ್ಷಕ್ಕೆ ಹೋಗುವ ಮೊದಲಿನ ಬೇಸಿಗೆ ಅದು, ಕೋವಿಡ್ ಮುಗಿಯಿತೋ ಇಲ್ಲವೋ ಅನ್ನುವ ಕಾಲ. ಸ್ಕೂಲಿನ ಫಿಸಿಕ್ಸ್ ಟೀಚರ್ ಕೆಲಸ ಬಿಟ್ಟರು, ಹೊಸಬರು ಸಿಗಲಿಲ್ಲ, ಕ್ಲಾಸೇ ರದ್ದಾಯಿತು. ನನಗೋ ಇಲ್ಲೇ ಸಮುದ್ರದ ದಡದಲ್ಲಿರುವ ಲಾ ಹೋಯಾದ ಯೂನಿವರ್ಸಿಟಿಯಲ್ಲಿ ಸಮುದ್ರ ವಿಜ್ಞಾನ ಓದುವ ಹುಚ್ಚು. ಫಿಸಿಕ್ಸ್ ಇಲ್ಲದೆ ಅಪ್ಲೈ ಮಾಡಿದರೆ ಕಷ್ಟ ಅಂತ ಸ್ಕೂಲಿನ ಕೌನ್ಸೆಲರ್ ಹೇಳಿದರು. ಉಳಿದದ್ದು ಒಂದೇ ದಾರಿ, ಹತ್ತಿರದ ಕಮ್ಯುನಿಟಿ ಕಾಲೇಜಿನ ಸಂಜೆ ಕ್ಲಾಸು. ಹೈಸ್ಕೂಲಿನವರೂ ಸೇರಬಹುದು, ಎರಡೂ ಕಡೆ ಕ್ರೆಡಿಟ್ ಸಿಗುತ್ತದೆ. ಆದರೆ ಕಾಲೇಜಿನವರು ಸೀಟು ಹಿಡಿದು ಮಿಕ್ಕಿದ್ದಕ್ಕೆ ಮಾತ್ರ ನಮ್ಮ ಸರದಿ. ನಮ್ಮ ರಿಜಿಸ್ಟ್ರೇಷನ್ ಸೋಮವಾರ ಬೆಳಿಗ್ಗೆ ಎಂಟಕ್ಕೆ, ಆನ್‌ಲೈನಿನಲ್ಲಿ.

ಅಕೌಂಟ್ ಮಾಡಿದ್ದು ಅಪ್ಪ. ಪಾಸ್‌ವರ್ಡ್ ಅವರ ತಲೆಯಲ್ಲಿ, ಲ್ಯಾಪ್‌ಟಾಪ್ ಅವರ ತೊಡೆಯ ಮೇಲೆ. ಎಂಟು ಹೊಡೆಯಿತು. ಸೀಟುಗಳಿದ್ದವು, ಕಣ್ಣಾರೆ ನೋಡಿದೆ. ಅಪ್ಪ ಲ್ಯಾಪ್‌ಟಾಪ್ ಮುಚ್ಚಿದರು.

"ಸ್ವಲ್ಪ ತಡಿ ಮಾರಾಯ್ತಿ, ಒಂಬತ್ತೂ ಕಾಲಿಗೆ ರಾಹುಕಾಲ ಮುಗೀತದೆ. ವಿದ್ಯೆಯ ವಿಷಯ, ಒಳ್ಳೆ ಹೊತ್ತಿನಲ್ಲೇ ಮಾಡುವ."

ಬೇಡಿಕೊಂಡೆ. ಕಿರುಚಿದೆ, ಅದೂ ಇಂಗ್ಲಿಷಿನಲ್ಲಿ, ಸಿಟ್ಟು ಬಂದರೆ ನನಗೆ ಕನ್ನಡ ಬಾಯಿಗೆ ಬರುತ್ತಿರಲಿಲ್ಲ. ಅವರು ನನ್ನ ಮೇಲೆ ರೇಗಲೂ ಇಲ್ಲ. ದೇವರ ಮುಂದೆ ದೀಪ ಹಚ್ಚಿ ಕೂತರು. ಅಮ್ಮ ಅಡುಗೆಮನೆಯಿಂದ ಈಚೆಗೆ ಬರಲಿಲ್ಲ. ಒಂಬತ್ತೂ ಕಾಲು ದಾಟಿದ ಮೇಲೆ ಲ್ಯಾಪ್‌ಟಾಪಿಗೆ ಒಂದು ಚಿಟಿಕೆ ಕುಂಕುಮ ಇಟ್ಟು, ನನ್ನನ್ನು ಕರೆದು, ನನ್ನ ಕೈಯಿಂದಲೇ ಒತ್ತಿಸಿದರು. ಕ್ಲಾಸು ಭರ್ತಿಯಾಗಿತ್ತು. ವೇಟ್‌ಲಿಸ್ಟ್‌ನ ಕೊನೆಯಲ್ಲಿ ನಾನು.

ಆದರೂ ಆಸೆ ಬಿಡಲಿಲ್ಲ. ಮೊದಲ ದಿನ ಯಾರಾದರೂ ಬರದಿದ್ದರೆ ಆ ಸೀಟು ವೇಟ್‌ಲಿಸ್ಟಿನವರಿಗೆ ಕೊಡುತ್ತಾರೆ ಅಂತ ಕೇಳಿದ್ದೆ. ಅಪ್ಪನೇ ಕಾರಿನಲ್ಲಿ ಬಿಟ್ಟರು. ಕ್ಲಾಸಿನ ಹಿಂದಿನ ಗೋಡೆಗೆ ಒರಗಿ ನಿಂತೆ. ಪಕ್ಕದಲ್ಲಿ ಸೂಪರ್‌ಮಾರ್ಕೆಟ್ ಯೂನಿಫಾರ್ಮಿನಲ್ಲೇ ಬಂದಿದ್ದ ಹೆಂಗಸು, ಅವಳೂ ಕಾಯುತ್ತಿದ್ದಳು. ಮೇಷ್ಟ್ರು ಸರದಿ ಪ್ರಕಾರ ಕರೆದರು, ಅವಳಿಗೆ ಸಿಕ್ಕಿತು. ನನ್ನ ತನಕ ಬರಲಿಲ್ಲ. ಮೇಷ್ಟ್ರು ಹತ್ತಿರ ಬಂದು ನಿಜಕ್ಕೂ ಬೇಜಾರು ಮಾಡಿಕೊಂಡು ಮಾತಾಡಿದರು, ಬೈಯುವುದಕ್ಕೆ ಅವರೂ ಸಿಗಲಿಲ್ಲ. ಪಾರ್ಕಿಂಗಿನಲ್ಲಿ ಅಪ್ಪ ಕಾರಿನಿಂದ ಇಳಿದು ನಿಂತಿದ್ದರು. ನನ್ನ ಮುಖ ನೋಡಿ, ಹಸಿವಾಯ್ತಾ ಅಂತ ಕೇಳಿದರು.

ಮರುವರ್ಷ ಮಾರ್ಚಿನಲ್ಲಿ ಯೂನಿವರ್ಸಿಟಿಯಿಂದ ಇಲ್ಲ ಅಂತ ಬಂತು. ಅಡುಗೆಮನೆಯಲ್ಲಿ ನಿಂತು ಓದಿ ಹೇಳಿದೆ. ಅಪ್ಪ ಕನ್ನಡಕ ತೆಗೆದು ಒರೆಸುತ್ತಾ ಹೇಳಿದರು, "ಫಿಸಿಕ್ಸ್ ಇಲ್ಲದ್ದೇ ಕಾರಣ ಅಂತ ಹೇಳ್ಲಿಕ್ಕಾಗುದಿಲ್ಲ ಮಗಾ. ಪುರಾವೆ ಇಲ್ಲ."

ಆ ಮನೆಯಲ್ಲಿ ಅವರು ಪುರಾವೆ ಕೇಳಿದ್ದು ಅದೇ ಮೊದಲು. ನಾನು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಅವತ್ತಿನಿಂದ ಅವರನ್ನು ಕ್ಷಮಿಸಬೇಕು ಅಂತ ಅಂದುಕೊಳ್ಳುತ್ತಲೇ ಇದ್ದೇನೆ, ಆಗುತ್ತಿಲ್ಲ.

ಈಗ ನಾನು ಅದೇ ಕಮ್ಯುನಿಟಿ ಕಾಲೇಜಿನ ವಿದ್ಯಾರ್ಥಿ, ಅದೇ ಪಾರ್ಕಿಂಗು. ಇಲ್ಲಿ ಎರಡು ವರ್ಷ ಚೆನ್ನಾಗಿ ಓದಿದರೆ ಆ ಯೂನಿವರ್ಸಿಟಿಗೇ ಟ್ರಾನ್ಸ್‌ಫರ್ ಆಗಬಹುದು ಅಂತ ಸಿಕ್ಕವರೆಲ್ಲ ಧೈರ್ಯ ಹೇಳುತ್ತಾರೆ. ಆಗಬಹುದು. ನನಗೇ ಮನಸ್ಸು ಸತ್ತುಹೋಗಿದೆ. ಸಮುದ್ರದ ಕಡೆ ಡ್ರೈವ್ ಮಾಡುವುದನ್ನೂ ಬಿಟ್ಟಿದ್ದೇನೆ.

ಕಳೆದ ಸಲದ ರಿಜಿಸ್ಟ್ರೇಷನ್ ಮತ್ತೆ ಸೋಮವಾರವೇ ಬಂತು. ಈಗ ಪಾಸ್‌ವರ್ಡ್ ನನ್ನದು. ಎಂಟಕ್ಕೆ ಮುಂಚೆ ಅಪ್ಪ ಸ್ನಾನವನ್ನೂ ಮಾಡದೆ ನನ್ನ ಕುರ್ಚಿಯ ಹಿಂದೆ ಬಂದು ನಿಂತರು. ಪಂಚಾಂಗದ ಕಡೆ ನೋಡಲಿಲ್ಲ.

"ಈಗಲೇ ಒತ್ತು ಮಗಾ, ಕಾಯ್ಬೇಡ," ಅಂದರು, ಎಂಟು ಹೊಡೆದ ಕೂಡಲೇ. "ಫಿಸಿಕ್ಸಿನಲ್ಲಿ ಸೀಟು ಉಂಟು, ನೋಡು."

ಉಂಟು. ನಾನೂ ನೋಡಿದೆ. ಅಕೌಂಟಿಂಗ್ ಕ್ಲಾಸಿನ ಮೇಲೆ ಒತ್ತಿದೆ. ಅಪ್ಪ ಸ್ನಾನಕ್ಕೆ ಹೋದರು.