ಗೊರಸಿನ ಬಿಸಿ

ಈ ಬರಹದಲ್ಲಿ ದೋಷಗಳಿದ್ದರೆ ಓದುಗರು ಮನ್ನಿಸಬೇಕು. ನಾನು ಪಶುವೈದ್ಯನಲ್ಲ, ಚರಿತ್ರೆಯಲ್ಲಿ ಬಿ.ಎ. ಮುಗಿಸಿದವನು, ನಮ್ಮ ವಂಶದ ಮೊದಲ ಪದವೀಧರ. ಕುದುರೆಯ ವಿಷಯ ಬರೆಯುವ ಅರ್ಹತೆ ಇದ್ದದ್ದು ನನ್ನ ತಂದೆಯವರಿಗೆ. ಅವರಿಗೆ ಅಕ್ಷರ ಬರುತ್ತಿರಲಿಲ್ಲ.

ಐವತ್ತರ ದಶಕದ ಕೊನೆಯವರೆಗೂ ಅವರು ಯಲಹಂಕದ ರೈಲು ನಿಲ್ದಾಣಕ್ಕೂ ಪೇಟೆಗೂ ಜಟಕಾ ಓಡಿಸುತ್ತಿದ್ದರು. ಇದ್ದದ್ದು ಒಂದೇ ಕಂದು ತಟ್ಟು, ಗಿಡ್ಡ ಜಾತಿಯ ಕುದುರೆ. ನಮ್ಮ ಮನೆಯ ಅನ್ನ ಅದರ ನಾಲ್ಕು ಕಾಲುಗಳ ಮೇಲೆ ನಿಂತಿತ್ತು. ಆದರೂ ನನ್ನನ್ನು ಲಾಯದ ಹತ್ತಿರ ಬಿಡುತ್ತಿರಲಿಲ್ಲ. ಬಟ್ಟೆಗೆ ಲದ್ದಿಯ ವಾಸನೆ ಹತ್ತಿದರೆ ಕಾಲೇಜಿನಲ್ಲಿ ನಕ್ಕಾರೆಂಬ ಅಳುಕು ನನಗಿಂತ ಅವರಿಗೇ ಹೆಚ್ಚು.

ಮನೆಯಲ್ಲಿ ಶುಭವಾರ್ತೆ ಬಂದರೆ ಮೊದಲ ತುತ್ತು ತಟ್ಟುವಿಗೆ ಸಲ್ಲಬೇಕೆಂಬ ರೂಢಿಯಿತ್ತು. ನಾನು ಪಾಸಾದ ದಿನ ತಂದೆ ಅಳತೆಯ ಪಾವನ್ನು ಮುಟ್ಟಲಿಲ್ಲ. ನೆನೆಸಿದ ಹುರುಳಿಯನ್ನು ಬಕೆಟ್ಟಿನ ತುಂಬ ಬೆಲ್ಲದೊಡನೆ ಕಲಸಿ ಅದರ ಮುಂದಿಟ್ಟರು. ನನ್ನನ್ನು ಓದಿಸಿದ್ದು ಅದರ ಕಾಲುಗಳೇ, ಇವತ್ತು ಲೆಕ್ಕ ನೋಡಬಾರದು ಎಂದರು.

ಎರಡನೆಯ ಬೆಳಗ್ಗೆ ತಟ್ಟು ಮುಂಗಾಲುಗಳನ್ನು ಮುಂದಕ್ಕೆ ಚಾಚಿ, ಮೈಯ ಭಾರವನ್ನೆಲ್ಲ ಹಿಂದಕ್ಕೆ ಹಾಕಿ, ಹಿಮ್ಮಡಿಯ ಮೇಲೆ ನಿಂತಿತ್ತು. ತಿರುಗಿಸಲು ಹೋದರೆ ಕೆಂಡ ತುಳಿದಂತೆ ಕಾಲೆತ್ತುತ್ತಿತ್ತು. ತಂದೆ ಗೊರಸಿಗೆ ಅಂಗೈ ಒತ್ತಿದರು. ಗೊರಸಿನ ಮೇಲಿನ ಗೆಣ್ಣಿಗೆ ಬೆರಳಿಟ್ಟು ನಾಡಿ ನೋಡಿದರು.

"ಗೊರಸು ಕಾದೈತೆ. ಮೊನ್ನೆ ಇಟ್ಟ ಉಳ್ಳಿಕಾಳು ಎಚ್ಚಾಯ್ತು. ಕೆರೆ ನೀರಾಗೆ ನಿಲ್ಲಿಸ್ಬೇಕು, ಒಣಹುಲ್ಲು ಬಿಟ್ಟು ಏನೂ ಆಕ್ಬಾರ್ದು," ಎಂದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಸಾಕಿತ್ತು. ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ತಿರುಗಿದರು. "ನೀನ್ ಓದಿರೋನು. ನೀನೇನಂತೀಯಪ್ಪ?"

ನನಗೇನೂ ತಿಳಿದಿರಲಿಲ್ಲ. ತಿಳಿಯದೆಂದು ಹೇಳುವುದು ಪದವೀಧರನಿಗೆ ತಕ್ಕದ್ದಲ್ಲವೆಂದು ಭಾವಿಸಿದೆ. ಕಾಲು ಹಿಡಿದುಕೊಂಡಿದೆ, ರಕ್ತಸಂಚಾರವಾಗಬೇಕು, ನಡೆಸಿದರೆ ಸರಿಹೋಗುತ್ತದೆ ಎಂದೆ.

"ರಕ್ತಸಂಚಾರ," ಎಂದು ಅವರು ಆ ಪದವನ್ನು ಒಮ್ಮೆ ಮೆಲ್ಲಗೆ ಹೇಳಿಕೊಂಡರು. ಬಳಿಕ ಹಗ್ಗ ಬಿಚ್ಚಿದರು.

ಮೂರು ದಿನ ಜಲ್ಲಿ ರಸ್ತೆಯಲ್ಲಿ ಅದನ್ನು ನಡೆಸಿದರು. ಒಳಗೆ ಉರಿಯುವ ಗೊರಸಿನಲ್ಲಿ ಎಲುಬಿನ ಹಿಡಿತ ಸಡಿಲುತ್ತದೆ, ಒಂದೊಂದು ಹೆಜ್ಜೆಯೂ ಅದನ್ನು ಮತ್ತಷ್ಟು ಕೀಳುತ್ತದೆ ಎಂಬುದನ್ನು ನಾನು ಓದಿ ತಿಳಿದದ್ದು ಬಹಳ ವರ್ಷಗಳ ಮೇಲೆ. ತಂದೆಯವರ ಕೈಗೆ ಅದು ಆಗಲೇ ತಿಳಿದಿತ್ತು. ತಿಳಿದೂ ನಡೆಸಿದರು.

ನಾಲ್ಕನೆಯ ದಿನ ತಟ್ಟು ಮಲಗಿತು. ಹೆಬ್ಬಾಳದಿಂದ ಲಾಳ ಕಟ್ಟುವ ಮುದುಕರೊಬ್ಬರು ಬಂದರು. ಇಕ್ಕಳದಿಂದ ಗೊರಸಿನ ಮುಂಭಾಗ ಒತ್ತಿದಾಗ ತಟ್ಟು ನರಳಿತು. ಅವರು ತಲೆಯೆತ್ತಿದರು.

"ಯಾವನಯ್ಯ ಇದನ್ನ ನಡೆಸಿದ್ದು?"

"ನಾನೇ," ಎಂದರು ತಂದೆ.

"ಮೂವತ್ತು ವರ್ಷ ಕುದ್ರೆ ಹಿಡ್ದೋನಲ್ಲಯ್ಯ ನೀನು. ನಿನ್ ಬುದ್ಧಿಗೆ ನಿನ್ನೇ ಗಾಡಿಗೆ ಕಟ್ಬೇಕು."

ನೋಡಲು ಬಂದಿದ್ದ ಜಟಕಾದವರು ಇಬ್ಬರು ನಕ್ಕರು. ತಂದೆಯೂ ಸ್ವಲ್ಪ ನಕ್ಕರು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಾನು ಅಲ್ಲೇ ನಿಂತಿದ್ದೆ.

ಮುದುಕರು ಗೊರಸಿನ ತುದಿಯನ್ನು ಹೆರೆದು ಮೊಟಕು ಮಾಡಿದರು. ಲಾಯಕ್ಕೆ ಮೊಣಕಾಲುದ್ದ ಮರಳು ಹಾಸಿದೆವು. ಎದ್ದು ನಿಂತ ಮೇಲೆ ತಂದೆ ಅದನ್ನು ಬಾಡಿಗೆಯ ಎತ್ತಿನ ಗಾಡಿಯಲ್ಲಿ ಪುಟ್ಟೇನಹಳ್ಳಿ ಕೆರೆಗೆ ಸಾಗಿಸಿ, ಅದರ ಜೊತೆ ತಾವೂ ನೀರಿನಲ್ಲಿ ನಿಲ್ಲುತ್ತಿದ್ದರು. ಮೊದಲ ದಿನ ಅವರೇ ಹೇಳಿದ್ದ ಮದ್ದು ಅದು. ಜೀವ ಉಳಿಯಿತು. ಆದರೆ ಹೊಸದಾಗಿ ಬೆಳೆದ ಗೊರಸಿನ ಮೇಲೆ ಬಳೆಗಳಂತೆ ಏಣುಗಳು ಮೂಡಿದವು. ಜಟಕಾಕ್ಕೆ ಕಟ್ಟಿದಾಗಲೆಲ್ಲ ಕುಂಟಿತು. ನಾನು ಹೇಳಿದ್ದರಿಂದ ನಡೆಸಿದಿರೆಂದು ತಂದೆಯವರ ಮುಂದೆ ಒಪ್ಪಿಕೊಳ್ಳುವ ಧೈರ್ಯ ನನಗೆ ಕೊನೆಯವರೆಗೂ ಬರಲಿಲ್ಲ. ಅವರೂ ಆ ಮಾತು ಎತ್ತಲಿಲ್ಲ.

ಮುಂದೆ ಆದದ್ದು ಇಷ್ಟು. ಜಟಕಾ ಮಾರಿದೆವು. ತಟ್ಟುವನ್ನು ಹೆಸರಘಟ್ಟದ ಹುಲ್ಲುಗಾವಲಿನ ಕಡೆಯ ರೈತರೊಬ್ಬರು ಮೇಯಲೆಂದು ಕರೆದೊಯ್ದರು. ನಾನು ಯಶವಂತಪುರದ ಕಚೇರಿಯೊಂದರಲ್ಲಿ ಗುಮಾಸ್ತನಾದೆ. ತಂದೆ ಯಲಹಂಕದ ಅದೇ ನಿಲ್ದಾಣದಲ್ಲಿ, ಹಿಂದೆ ತಾವು ಗಾಡಿಗೆ ಹತ್ತಿಸಿಕೊಳ್ಳುತ್ತಿದ್ದ ಪ್ರಯಾಣಿಕರ ಪೆಟ್ಟಿಗೆಗಳನ್ನು ತಲೆಯ ಮೇಲೆ ಹೊತ್ತರು.